ಮೊನೆ ಉಳಿಸದ ಸಾಣೆಗಾರ

ದುರ್ಗಿಗುಡಿಯ ಸಾಣೆ ಕಾಂತರಾಜ್, ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದವರು, ಹಳೆಯ ಮಡಚುವ ಚಾಕು ಕೊಟ್ಟರೆ ಮೊದಲು ಎರಡು ಬಾರಿ ಬಿಚ್ಚಿ ಮಡಚಿ ಕೀಲನ್ನು ಪರೀಕ್ಷಿಸುತ್ತಾರೆ. ಬಳಿಕ ಅಲಗನ್ನು ಬಿಸಿಲಿಗೆ ಹಿಡಿದು, "ಮಿಂಚೋ ಕಡೆಯೆಲ್ಲ ಹರಿತ ಸತ್ತಿದೆ ಸಾರ್" ಎಂದು ವೈದ್ಯರ ಗಾಂಭೀರ್ಯದಿಂದ ಘೋಷಿಸುತ್ತಾರೆ. ನೀರು ಚಿಮುಕಿಸಿದ ಕಲ್ಲಿನ ಮೇಲೆ ಅವರು ಮಸೆದ ಅಲಗನ್ನು ಕಂಡರೆ ಸಾಕು, ಟೊಮೇಟೊ ತಾನಾಗಿಯೇ ಹೋಳಾದೀತು. ಆದರೆ ಯಾರನ್ನೂ ಕೇಳದೆ ಪ್ರತಿ ಚಾಕುವಿನ ಮೊನೆಯನ್ನು ಅರದಿಂದ ಉಜ್ಜಿ ಮೊಂಡು ಮಾಡುತ್ತಾರೆ. ನನ್ನ ಚಾಕುವಿನದು ಕಾಲು ಅಂಗುಲ ಹೋಯಿತು. ಅನ್ಯರ ಸೊತ್ತನ್ನು ಅನುಮತಿಯಿಲ್ಲದೆ ವಿರೂಪಗೊಳಿಸುವುದು ಅಕ್ಷಮ್ಯವೆಂದು ಗದರಿದೆ. "ಹಣ್ಣು ಹೆಚ್ಚೋಕೆ ಮೊನೆ ಯಾಕೆ ಸಾರ್?" ಎಂದರು, ಅರ ನಿಲ್ಲಿಸದೆ. "ನನ್ನ ಮಗನಿಗೆ ಇರಿದಿದ್ದ ಚಾಕುನ ಕೋರ್ಟಲ್ಲಿ ತೋರಿಸಿದ್ರು. ಮಸೆದಿರೋದು ನೋಡ್ತಿದ್ದ ಹಾಗೇ ಗೊತ್ತಾಯ್ತು, ಅದು ನನ್ನ ಕೈಕೆಲಸ."