ಮಿಲ್ಲಮ್ಮನ ಮಂಕರಿ

ಮೊನ್ನೆ ಮೊಮ್ಮಗನ ಸ್ಕೂಟರು ಕೆಮ್ಮಿ ಕೆಮ್ಮಿ ನಿಂತಿತು. ರಿಪೇರಿ ಹುಡುಗ ಬಂದು ಅದರ ಏರ್ ಫಿಲ್ಟರ್ ಬಿಚ್ಚಿ ಜಗಲಿಗೆ ಬಡಿದ. ಎದ್ದ ಧೂಳಿನಲ್ಲಿ ಸುಟ್ಟೆಣ್ಣೆಯ ವಾಸನೆ. ಮಳವಳ್ಳಿಯ ಆ ಅಕ್ಕಿ ಮಿಲ್ಲು ಕಣ್ಣೆದುರಿಗೇ ಬಂದುಬಿಟ್ಟಿತು…

ನಾನು ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ. ಪಕ್ಕದಲ್ಲೇ ಮಿಲ್ಲು. ಗಂಡ ಸತ್ತ ಮೇಲೆ ಅದನ್ನು ನಡೆಸುತ್ತಿದ್ದಾಕೆಯನ್ನು ಊರೆಲ್ಲ ಮಿಲ್ಲಮ್ಮ ಎನ್ನುತ್ತಿತ್ತು. ಗಂಡಸರ ನಡುವೆ ಸೆರಗು ಸಿಕ್ಕಿಸಿ ನಿಂತರೆ, ಅಬ್ಬಾ, ಅವರ ಗತ್ತೇ ಗತ್ತು! ಅವರ ಟೂ ಸ್ಟ್ರೋಕ್ ಡೀಸೆಲ್ ಇಂಜಿನ್ನಿನ ಸದ್ದಿಗೆ ನನ್ನ ಅಡುಗೆಮನೆಯ ಪಾತ್ರೆಗಳು ಕುಣಿಯುತ್ತಿದ್ದವು.

ತೌಡಿನ ಧೂಳು ಒಳಗೆ ಹೋಗಬಾರದೆಂದು ಇಂಜಿನ್ನು ಗಾಳಿ ಎಳೆಯುವ ಬಾಯಿಗೆ ಮಿಲ್ಲಮ್ಮ ಹಳೆ ಸೀರೆಯನ್ನು ಮಡಿಸಿ ಬಿಗಿದಿದ್ದರು. ಒಳ್ಳೆಯದಕ್ಕೇ ಮಾಡಿದ್ದು. ಆದರೆ ಇಂಜಿನ್ನು ಕಪ್ಪು ಹೊಗೆ ಕಾರತೊಡಗಿತು; ಬತ್ತ ಸುರಿದರೆ ಸಾಕು, ಮುಗ್ಗರಿಸಿ ನಿಲ್ಲುತ್ತಿತ್ತು. ಹಲಗೂರಿನ ಬತ್ತದ ಗಾಡಿಗಳು ಮದ್ದೂರಿನ ಮಿಲ್ಲುಗಳ ಕಡೆ ತಿರುಗಿದವು. ಮಿಲ್ಲಮ್ಮನ ಮೈದುನನಿಗೆ ಇಷ್ಟೇ ಬೇಕಿತ್ತು.

"ಇಂಜಿನ್ ಸತ್ತೋಯ್ತು ಕಣತ್ಗೆ. ನಾಳಿಕ್ಕೆ ಮಂಡ್ಯದಿಂದ ತಕ್ಕಳೋರು ಬತ್ತರೆ, ಮಾರ್ಬುಡಾದೇ ಸರಿ," ಎಂದ.

ಮಿಲ್ಲು ಹೋದರೆ ಅವನ ಮನೆಯ ಮೂಲೆ ಸೇರುವುದೊಂದೇ ಮಿಲ್ಲಮ್ಮನಿಗೆ ಉಳಿದಿದ್ದ ದಾರಿ. ಮುಖ ಸಪ್ಪೆ ಮಾಡಿಕೊಂಡು ನನ್ನ ಒಲೆಯ ಮುಂದೆ ಬಂದು ಕೂತರು. ನಾನು ಸೌದೆ ತುರುಕಿ ತುರುಕಿ ಒಲೆ ಹೊಗೆಯಾಡುತ್ತಿತ್ತು. ಸುಮ್ಮನೆ ಎರಡು ಸೌದೆ ಹೊರಗೆಳೆದರು. ಉರಿ ಭಗ್ಗನೆ ಎದ್ದಿತು. ಅವರೂ ಎದ್ದರು.

"ಅಯ್ಯೋ ನನ್ ಬುದ್ದಿಗಿಷ್ಟು! ನಾನೇ ಅದ್ರ ಗಂಟ್ಲು ಇಸುಕಿವ್ನಿ ಕಣವ್ವ. ಅದು ಒಂದೊಂದ್ ಸುತ್ಗೂ ಉಸ್ರೆಳ್ಕಬೇಕು!"

ಬಟ್ಟೆ ಬಿಚ್ಚಿದರೆ ಧೂಳು, ಕಟ್ಟಿದರೆ ಉಸಿರಿಲ್ಲ. ಸಂಜೆಯೊಳಗೆ ಗೋಡೆಗೆ ತೂತು ಹೊಡೆಸಿ, ಗಾಳಿಯ ಬಾಯಿಯಿಂದ ಅಗಲವಾದ ಗಿಡ್ಡ ಕೊಳವೆಯನ್ನು ಹೊರಗೆ ಹಾಯಿಸಿದರು. ಅದರ ತುದಿಗೊಂದು ದೊಡ್ಡ ಬಿದಿರು ಮಂಕರಿ ಕವುಚಿ, ಸುತ್ತ ಒಂದೇ ಪದರ ತೆಳು ಪಂಚೆ ಬಿಗಿದರು. ಅಷ್ಟಗಲದ ಬಟ್ಟೆಯಲ್ಲಿ ಗಾಳಿ ಸಲೀಸಾಗಿ ನುಗ್ಗಿತು, ಧೂಳು ಹೊರಗೇ ಉಳಿಯಿತು. "ಎತ್ತಿನ ಬಾಯ್ಗಾಕೋ ಕುಕ್ಕೆನ ಇಂಜಿನ್ಗೂ ಆಕವ್ರಲ್ಲಪ್ಪ!" ಎಂದು ಬೀದಿಯವರು ನಕ್ಕರು.

ಮಾರನೆಯ ದಿನ ಮಂಡ್ಯದವರ ಎದುರಿಗೇ ಬತ್ತ ಸುರಿಸಿದರು. ಇಂಜಿನ್ನು ಮುಗ್ಗರಿಸಲಿಲ್ಲ. ಮೈದುನ ಇಂಗು ತಿಂದ ಮಂಗನಂತೆ ನಿಂತಿದ್ದ. ಮಿಲ್ಲು ಅವರ ಕೈಯಲ್ಲೇ ಉಳಿಯಿತು, ಗಾಡಿಗಳೂ ಮರಳಿದವು.

ಆಮೇಲೆ ಎಷ್ಟೋ ವರ್ಷ ಆ ಪಂಚೆಯನ್ನು ದಿನಾ ಒಗೆದು ನನ್ನ ಹಿತ್ತಲಲ್ಲಿ ಒಣಹಾಕುತ್ತಿದ್ದರು. ಒಗೆಯುವಾಗ ಕೆಮ್ಮುತ್ತಿದ್ದರು. ಬರಬರುತ್ತ ಕೆಮ್ಮೇ ಹೆಚ್ಚಾಯಿತು… ಕಡೆಗೆ ಉಸಿರೆಳೆಯಲಾಗದೆ, ದಿಂಬಿಗೊರಗಿ ಕೂತೇ ಹೋದರು. ಇಂಜಿನ್ನಿಗೆ ಅಷ್ಟು ಜೋಪಾನ ಮಾಡಿದ ಪುಣ್ಯಾತ್ಗಿತ್ತಿ, ತೌಡಿನ ಧೂಳಲ್ಲೇ ಬದುಕು ಸವೆಸಿ, ತನ್ನ ಮೂಗಿಗೆ ಸೆರಗನ್ನೂ ಅಡ್ಡ ಹಿಡಿಯಲಿಲ್ಲ.

ರಿಪೇರಿ ಹುಡುಗ ಇನ್ನೂ ಫಿಲ್ಟರ್ ಬಡಿಯುತ್ತಿದ್ದ. ಧೂಳೆಲ್ಲ ಅವನ ಮುಖಕ್ಕೇ. ಅವನ ಹೆಗಲ ಟವೆಲ್ಲು ತೋರಿಸಿ ಗದರಿದೆ: "ಲೇ, ಮೊದ್ಲು ನಿನ್ ಮೂಗ್ಗೆ ಕಟ್ಕಳಲಾ!"

ಅವನು ನಕ್ಕ. ನಾನು ನಗಲಿಲ್ಲ. ಅವನು ಕಟ್ಟಿಕೊಳ್ಳುವವರೆಗೂ ಅಲ್ಲೇ ನಿಂತಿದ್ದೆ.