ಪಕ್ಕದ ತೋಟದ ಬೀಗದ ಕೈ

ನನ್ನ ಸೆರಗಿನ ತುದಿಯ ಗಂಟಿನಲ್ಲಿ ಈಗಲೂ ಒಂದು ಬೀಗದ ಕೈ ಇದೆ. ಅದು ನನ್ನದಲ್ಲ. ಪಕ್ಕದ ತೋಟದ ಹಿರಿಯರ ಬೋರ್‌ವೆಲ್ ಮೋಟರಿಗೆ ಸ್ಟಾರ್ಟರ್ ಡಬ್ಬಿ ಇದೆಯಲ್ಲ, ಅದರದು. ನನ್ನ ಡಬ್ಬಿಯದು ಅವರ ಉಡಿದಾರದಲ್ಲಿದೆ. ಸುಗಟೂರು ಕಡೆಯ ನಮ್ಮೂರಿಗೆ ಬರುವ ನೆಂಟರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ, ಅವರೇನು ಹುಳು ಸಾಕಿದವರಲ್ಲ.

ನನ್ನ ಗಂಡ ವೇಮಗಲ್‌ನ ಕಾರ್ಖಾನೆಗೆ ಹೋಗುತ್ತಾರೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎರಡೂ ನನ್ನ ಪಾಲಿಗೆ. ಮದುವೆಯಾಗಿ ಬಂದಾಗಿನಿಂದ ಪಕ್ಕದ ತೋಟದವರನ್ನು ನಾನು ಮಾವ ಎಂದೇ ಕರೆಯುತ್ತಿದ್ದೆ. ಆಮೇಲೆ ಅವರು ಬದುವಿಗೆ ಅಂಟಿಕೊಂಡ ಹಾಗೆ ಬೋರು ಕೊರೆಸಿದರು, ನನ್ನ ಬೋರಿನಲ್ಲಿ ನೀರು ಇಳಿಯಿತು. ಬದುವಿನ ಮೇಲೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅವರೂ ಕಡಿಮೆ ಅನ್ನಲಿಲ್ಲ. ಅಂದಿಗೆ ಮಾವ ಎನ್ನುವುದು ನಿಂತಿತು. ಹೇಳಲೇಬೇಕಾದ ಮಾತಿದ್ದರೆ ನಮ್ಮ ಹಸುವನ್ನು ಗದರಿಸುವ ನೆಪದಲ್ಲಿ ಅವರಿಗೆ ಕೇಳಿಸುತ್ತಿದ್ದೆ. ಪಾಪ, ಆ ಹಸು ನನ್ನಿಂದ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ.

ನಮ್ಮಲ್ಲಿ ತೋಟಕ್ಕೆ ತ್ರೀಫೇಸ್ ಕರೆಂಟು ಬರುವುದು ಕೆಲವೇ ಗಂಟೆ, ಅದೂ ಯಾವಾಗ ಬರುತ್ತದೆಂದು ಹೇಳುವಂತಿರಲಿಲ್ಲ. ಕಾಯುತ್ತ ಕೂರುವವರು ಯಾರು? ಎಲ್ಲರೂ ಸ್ಟಾರ್ಟರನ್ನು ಆಟೋದಲ್ಲಿಟ್ಟು ಮನೆಗೆ ಬಂದುಬಿಡುತ್ತಿದ್ದೆವು. ಕರೆಂಟು ಬಂದ ಕೂಡಲೇ ಸಾಲಾಗಿರುವ ನಾಲ್ಕು ತೋಟದ ಮೋಟರುಗಳೂ ಒಟ್ಟಿಗೆ ತಾವೇ ಶುರುವಾಗುತ್ತಿದ್ದವು. ಸ್ವಲ್ಪ ಹೊತ್ತು ನೀರು, ಆಮೇಲೆ ಪೈಪಿನಲ್ಲಿ ಬರೀ ಗಾಳಿ. ಬೋರು ಗ್ಯಾಪ್ ಕೊಡುತ್ತಿದೆ, ಇನ್ನೂ ಆಳಕ್ಕೆ ಇಳಿಸಬೇಕು ಎನ್ನುತ್ತಿದ್ದೆವು. ಪಕ್ಕದವರ ಮೋಟರು ನಮ್ಮ ನೀರು ಎಳೆಯುತ್ತಿದೆ ಎಂದು ನಾಲ್ಕು ಮನೆಗೂ ಚೆನ್ನಾಗಿ ಗೊತ್ತಿತ್ತು. ನಮ್ಮ ಮೋಟರು ಪಕ್ಕದವರದನ್ನು ಎಳೆಯುತ್ತಿದೆ ಎಂಬುದು ಮಾತ್ರ ಯಾರ ತಲೆಗೂ ಹೋಗಿರಲಿಲ್ಲ.

ಆಗ ಬಂದವರು ಮುಳಬಾಗಿಲಿನ ಅಕ್ಕ. ನೆಲದೊಳಗಿನ ನೀರನ್ನು ಊರವರು ಕೂಡಿ ಹಂಚಿಕೊಳ್ಳುವಂತೆ ಮಾಡುವುದು ಅವರ ಕೆಲಸ. ಇವತ್ತು ಮಾಲೂರು, ನಾಳೆ ಶ್ರೀನಿವಾಸಪುರ ಎಂದು ಬಸ್ಸಿನಲ್ಲೇ ಓಡಾಟ. ಮೊದಲ ದಿನ ಅವರನ್ನು ನೋಡಿಯೇ ನನಗೆ ಪಿತ್ತ ನೆತ್ತಿಗೇರಿತು.

“ನೀವ್ ಬಂದು ಮಾತಾಡಿದ್ರೆ ಬೋರಲ್ಲಿ ನೀರ್ ಬಂದ್ಬಿಡ್ತದಾ?” ಎಂದೆ.

“ಕಾದಮ್ಮಾ,” ಎಂದರು. ಅವರು ಅಲ್ಲ ಎನ್ನುವುದೆಲ್ಲ ತೆಲುಗಿನಲ್ಲೇ. “ಮೇಲೆ ನಾಲ್ಕು ಬೋರ್ ಇರಬೋದು, ಕೆಳಗಿರೋದು ಒಂದೇ ನೀರು. ಒಂದು ಎಳನೀರಿಗೆ ನಾಲ್ಕು ಜನ ಬಾಯಿಟ್ರೆ ಯಾರ ಹೊಟ್ಟೆ ತುಂಬ್ತದೆ? ಒಂದಿನ ಮೂರು ನಿಲ್ಸಿ ಒಂದೇ ಓಡ್ಸಿ ನೋಡಿ.”

ಸುಳ್ಳಾಗಲಿ ಎಂದುಕೊಂಡೇ ಓಡಿಸಿದೆವು. ಕರೆಂಟು ಹೋಗುವ ತನಕ ಆ ಬೋರು ಗ್ಯಾಪ್ ಕೊಡಲೇ ಇಲ್ಲ.

ಅಕ್ಕಪಕ್ಕದ ಬೋರು ಒಟ್ಟಿಗೆ ಓಡಬಾರದು, ಒಂದು ದಿನ ನನ್ನದು, ಮಾರನೆಯ ದಿನ ಅವರದು ಎಂದು ಮಾತಾಯಿತು. ಅದಕ್ಕೆ ಎಲ್ಲರೂ ಆಟೋ ತೆಗೆಯಬೇಕು. ಆದರೆ ತೆಗೆದವರು ಸರದಿಯಿಲ್ಲದ ದಿನ ಕದ್ದು ಮೋಟರು ಹಾಕಿಕೊಂಡರೆ? ಹಿರಿಯರೂ ನಾನೂ ಇದೊಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆ ನೋಡುತ್ತ ಕೇಳಿದೆವು. ಅಕ್ಕ ನಕ್ಕುಬಿಟ್ಟರು. “ಹಂಗಾದ್ರೆ ಡಬ್ಬಿಗೆ ಬೀಗ ಹಾಕಿ, ಕೀ ಅದಲುಬದಲು ಮಾಡ್ಕೊಳ್ಳಿ. ಅವರ ಮೋಟರ್ ನೀನ್ ಹಾಕು, ನಿಂದು ಅವರು ಹಾಕ್ಲಿ.” ಉಳಿದ ಎರಡು ಮನೆಯವರೂ ಹಾಗೇ ಮಾಡಿಕೊಂಡರು. ನಾನು ನನ್ನ ಬೀಗದ ಕೈಯನ್ನು ಬದುವಿನ ಕಲ್ಲಿನ ಮೇಲಿಟ್ಟೆ, ಅವರು ತಮ್ಮದನ್ನು ಇಟ್ಟರು. ಒಬ್ಬರ ಮುಖ ಒಬ್ಬರು ನೋಡದೆ ಎತ್ತಿಕೊಂಡೆವು.

ಆ ಬೇಸಿಗೆಯಲ್ಲಿ ನನ್ನ ಹುಳು ನಾಲ್ಕನೇ ಜ್ವರ ಬಿಟ್ಟು, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದವು. ಗೂಡು ಕಟ್ಟುವ ಮುಂಚಿನ ಆ ಒಂದು ವಾರ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಕೊನೆಯ ದಿನಗಳಿಗೆಂದು ಇಟ್ಟಿದ್ದ ಸೊಪ್ಪಿನ ತಾಕು ಬಿಸಿಲಿಗೆ ಬಾಡತೊಡಗಿತ್ತು. ನನ್ನ ಸರದಿಯ ದಿನವೇ ಗಾಳಿಗೆ ಲೈಟುಕಂಬ ಬಿದ್ದು ಕರೆಂಟು ಬರಲಿಲ್ಲ. ಊರಲ್ಲಿ ಯಾರ ಹತ್ತಿರವೂ ಮಿಗಿಸಿದ ಸೊಪ್ಪಿರಲಿಲ್ಲ. ಇನ್ನೊಂದು ದಿನ ನೀರು ತಪ್ಪಿದರೆ ಸೊಪ್ಪು ಸುಟ್ಟುಹೋಗುತ್ತದೆ, ಹುಳು ಹಸಿದು ಸಾಯುತ್ತವೆ. ಮಾರನೆಯ ದಿನ ಹಿರಿಯರ ಸರದಿ. ಅವರ ಟೊಮೆಟೊ ಹೂವು ಬಿಟ್ಟಿತ್ತು.

ಕರೆಂಟು ಬಂತೆಂದು ತಿಳಿದಾಗ ಅವರ ಮೋಟರು ಹಾಕಲು ಹೊರಟೆ. ನನ್ನ ಹುಳು ಸಾಯಿಸುವ ನೀರನ್ನು ನನ್ನ ಕೈಯಿಂದಲೇ ಬಿಡಬೇಕಲ್ಲ ಎಂದು ದಾರಿಯುದ್ದಕ್ಕೂ ಅಕ್ಕನನ್ನು ಬೈದುಕೊಂಡೆ. ಕಣ್ಣೀರು ಬರುತ್ತಿತ್ತು. ತೋಟ ಹತ್ತಿರವಾದ ಹಾಗೆ ಮೋಟರಿನ ನೀರು ತೊಟ್ಟಿಗೆ ಬೀಳುವ ಸದ್ದು ಕೇಳಿತು. ನನ್ನ ತೊಟ್ಟಿಗೆ. ಹಿರಿಯರು ನನ್ನ ಡಬ್ಬಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದರು.

“ಇವತ್ತು ನಿಮ್ಮ ಸರದಿ,” ಎಂದೆ. ಜಗಳವಾದ ಮೇಲೆ ಹಸುವಿನ ನೆಪವಿಲ್ಲದೆ ಆಡಿದ ಮೊದಲ ಮಾತು ಅದು.

“ಗೊತ್ತು. ನಂದು ಹಾಕ್ಬೇಡ, ಎರಡೂ ಓಡಿದ್ರೆ ಗ್ಯಾಪ್ ಕೊಡ್ತದೆ. ಟೊಮೆಟೊ ಒಂದಿನ ತಡ್ಕೊಳ್ತದೆ. ಹುಳ ತಡ್ಕೊಳ್ತದಾ? ಹೋಗು, ನೀರಿನ ಮಡೆ ತಿರುಗ್ಸು.”

ಅವರ ಹೊಟ್ಟೆ ತಣ್ಣಗಿರಲಿ. ಅವತ್ತು ಗುದ್ದಲಿ ಹಿಡಿದು ಅಳುತ್ತಲೇ ನೀರು ಕಟ್ಟಿದೆ. ಮಾರನೆಯ ದಿನ ನನ್ನ ಸರದಿಯನ್ನು ಅವರಿಗೆ ಬಿಟ್ಟು, ಕರೆಂಟು ಬರುವ ಮೊದಲೇ ಹೋಗಿ ಅವರ ಡಬ್ಬಿಯ ಮುಂದೆ ಕೂತೆ.

ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆಯಲ್ಲಿ ಗೂಡು ಕಟ್ಟಿದ ಮೇಲೆ ಹಿರಿಯರು ಬಂದು ಹುಳುಮನೆಯ ಹೊಸಿಲ ಹೊರಗೆ ನಿಂತರು. ಹುಳುಮನೆಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ, ನಾನಂತೂ ಸ್ವಂತ ತಮ್ಮನನ್ನೂ ಬಿಟ್ಟವಳಲ್ಲ. ಕಾಲಿಗೆ ನೀರು ಕೊಟ್ಟು ಒಳಗೆ ಬನ್ನಿ ಎಂದೆ. ಅವರು ಹಳದಿ ಗೂಡುಗಳನ್ನು ಬಗ್ಗಿ ನೋಡಿ, “ನನ್ನ ಟೊಮೆಟೊ ನೀರು ಕುಡಿದೋರು ಇವರೇನಾ?” ಎಂದರು. ಆಮೇಲೆ ಉಡಿದಾರದಿಂದ ನನ್ನ ಬೀಗದ ಕೈ ಬಿಚ್ಚಿ ಮುಂದೆ ಹಿಡಿದರು.

“ಅನುಮಾನಕ್ಕೆ ಅಂತ ಬದಲಾಯ್ಸಿದ್ದು ಇದು. ಇನ್ನೂ ಅನುಮಾನ ಇದ್ಯಾ? ಇಲ್ದಿದ್ರೆ ನಿಂದು ನೀನ್ ತಗೋ.”

“ಅನುಮಾನ ಇಲ್ಲ,” ಎಂದೆ. “ಅದಕ್ಕೇ ನಿಮ್ಮತ್ರಾನೇ ಇರ್ಲಿ, ಮಾವ.”