ಕಾಲಿನೊಳಗೆ ಗಾಜು

ಗೆಳೆಯರೇ, ಇವತ್ತು ಆಸ್ಪತ್ರೆಯಲ್ಲಿ ನಾನು ದುಭಾಷಿಯಾದೆ. ಗಚ್ಚಿಬೌಲಿಯಲ್ಲಿ ನಮ್ಮ ಆಫೀಸಿನ ಹೊಸ ಕಟ್ಟಡ ಕಟ್ಟುವಾಗ ಬಿದ್ದು ಕಾಲು ಮುರಿದುಕೊಂಡ ರಾಯಚೂರಿನ ಶಾಂತಮ್ಮನವರ ಮೂಳೆ ಇನ್ನೂ ಕೂಡಿರಲಿಲ್ಲ. ಡಾಕ್ಟರು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿದೆ: "ಮೂಳೆಯ ಸಂದಿಗೆ ಒಂಥರಾ ಗಾಜಿನ ಜಾಲರಿ ಇಡ್ತಾರೆ. ಅದರೊಳಗೆ ಹೊಸ ರಕ್ತನಾಳ ಬೆಳೆಯುತ್ತೆ. ಆಮೇಲೆ ಗಾಜು ಕರಗಿಹೋಗುತ್ತೆ."

ಶಾಂತಮ್ಮ ಊರುಗೋಲಿಗೆ ಕೈ ಹಾಕಿದರು. "ಕಾಲಾಗ ಗಾಜು ಹೊಕ್ಕರ ತೆಗಸಾಕ ದವಾಖಾನಿಗೆ ಬರ್ತಾರ್ರಿ. ಇವರು ಹಾಕ್ತಾರಂತ!"

ಅದನ್ನು ತೆಲುಗಿನಲ್ಲಿ ಹೇಳಿದೆ. ಡಾಕ್ಟರು ನಗಲಿಲ್ಲ. ಆ ಜಾಲರಿಯ ಬಿಳಿಯ, ತೂತುತೂತಾದ ಚೂರೊಂದನ್ನು ತಂದು ಆಕೆಯ ಅಂಗೈಯಲ್ಲಿಟ್ಟರು. ಶಾಂತಮ್ಮ ಬೆರಳಿನಿಂದ ಮುಟ್ಟಿ ನೋಡಿದರು.

"ಇದು ಗಾಜಲ್ರೀ, ಸುಣ್ಣದ ಕಲ್ಲಿನಂಗ ಐತಿ. ಹಾಕ್ಲಿ ಬಿಡ್ರಿ." ಎಂದು ನನ್ನತ್ತ ತಿರುಗಿದರು. "ನಿಮಗ ಕನ್ನಡ ಬರೂದಿಲ್ಲ."

ಏನಂದರೆಂದು ಡಾಕ್ಟರು ಕೇಳಿದರು. ಮೈಸೂರಿನವನಾದ ನಾನು, ಒಪ್ಪಿದ್ದಾರೆ ಎಂದಷ್ಟೇ ತೆಲುಗಿಗೆ ತಿರುಗಿಸಿದೆ.